ಹನ್ನೊಂದು ಬಳ್ಳಿಗಳ ಕೆಂಪು

ಮೂವತ್ತು ವರ್ಷ ಬಾರದವನು ಬಂದು ನಿಂತಾಗ ಇರ್ಮಿಯ ಎರಡೂ ಕೈಯಲ್ಲಿ ಎಂಜಲು ಗ್ಲಾಸುಗಳಿದ್ದವು. ಇಂಥದೊಂದು ಗಳಿಗೆ ಬಂದರೆ ಏನೇನು ಹೇಳಬೇಕೆಂದು ಅವಳು ಎಷ್ಟೋ ವರ್ಷ ಮಾತು ಜೋಡಿಸಿಟ್ಟುಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ಏನ್ ಕೊಡ್ಲಿ?" ಎಂದಳು, ದಾರಿಹೋಕ ಗಿರಾಕಿಯನ್ನು ಕೇಳುವಂತೆ.

"ಕೆಂಪು ಇದ್ಯಾ?"

"ಎರಡಿದೆ. ತ್ಸ್ವೈಗೆಲ್ಟ್, ಇಲ್ಲಾಂದ್ರೆ ಸಾಂಕ್ಟ್ ಲೌರೆಂಟ್."

"ಮೂರನೇದು?"

ಕೈಯಲ್ಲಿದ್ದ ಗ್ಲಾಸುಗಳು ಒಂದಕ್ಕೊಂದು ತಗುಲಿ ಸದ್ದು ಮಾಡಿದವು. ಈ ಮನೆಯ ತೋಟದಲ್ಲಿ ಮೂರನೆಯ ಕೆಂಪು ದ್ರಾಕ್ಷಿಯೊಂದಿದೆ ಎಂದು ಬಲ್ಲವರು ಮೂವರೇ ಮೂವರು. ಒಬ್ಬಳು ಇರ್ಮಿ. ಇನ್ನೊಬ್ಬಳು, ಮರದಡಿಯ ಮೇಜಿನಲ್ಲಿ ಅಕ್ರೋಟು ಒಡೆಯುತ್ತ ಕೂತಿದ್ದ ಅಪ್ಪನ ಸೋದರಿ, ಎಂಬತ್ತೆಂಟರ ರೇಸಿ ಅತ್ತೆ. ಮೂರನೆಯವನು ಈ ಸೆವೆರಿನ್.

ಕೂದಲು ಪೂರಾ ಬೆಳ್ಳಗಾಗಿತ್ತು. ಕುತ್ತಿಗೆ ಸ್ವಲ್ಪ ಬಾಗಿತ್ತು. ಆದರೆ ನಗುವಾಗ ಮೊದಲು ಎಡಗಣ್ಣು ನಗುವುದು, ಬಲಗಣ್ಣು ಯೋಚಿಸಿ ಆಮೇಲೆ ನಗುವುದು, ಆ ಅಭ್ಯಾಸ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ಇರ್ಮಿಗೆ ಸಿಟ್ಟು ಬಂತು. ಬೇರೆಲ್ಲ ಬದಲಾಗಿರುವಾಗ ಇದೊಂದನ್ನು ಯಾಕೆ ಉಳಿಸಿಕೊಳ್ಳಬೇಕಿತ್ತು?

"ಯಾರೇ ಅದು?" ಅತ್ತೆ ಕೂಗಿದಳು.

"ಸೆವೆರಿನ್, ಅತ್ತೆ. ಪಕ್ಕದೂರಿನ ಸೆವೆರಿನ್."

"ಬದುಕಿದಾನಾ?"

"ಬದುಕಿದೀನಿ ರೇಸಿ ಅತ್ತೆ," ಎಂದು ಅವನು ಟೋಪಿ ತೆಗೆದ.

"ಹಾಗಿದ್ರೆ ಮೂವತ್ತು ವರ್ಷ ಏನಾಗಿತ್ತು, ಕಾಲು ಮುರಿದಿತ್ತಾ?"

ಅವನು ಅತ್ತೆಯ ಎದುರು ಕೂತ. ಅಕ್ಟೋಬರಿನ ಕೊನೆಯ ಭಾನುವಾರ. ಗೇಟಿನ ಮೇಲಿನ ಕೋಲಿನಲ್ಲಿ ಪೈನ್ ಸೊಪ್ಪಿನ ಕಟ್ಟು ತೂಗುತ್ತಿತ್ತು. ಕಟ್ಟು ತೂಗುತ್ತಿದ್ದರೆ ಮನೆಯ ಅಂಗಳ ಊರಿಗೆಲ್ಲ ತೆರೆದಿದೆ, ಬಂದು ಈ ಮನೆಯ ವೈನ್ ಕುಡಿಯಬಹುದು ಎಂದರ್ಥ. ಎರಡು ವಾರ ಒಂದು ಮನೆಯ ಸರದಿ, ಮತ್ತೆರಡು ವಾರ ಇನ್ನೊಂದು ಮನೆಯದು. ಕಟ್ಟು ಇಳಿಸಿದ ಮೇಲೆ ಸ್ವಂತ ತಮ್ಮನಾದರೂ ಬಾಗಿಲು ತಟ್ಟುವುದಿಲ್ಲ. ಆ ವೈನ್ ಸೀಮೆಯ ಊರುಗಳಲ್ಲಿ ಮರ್ಯಾದೆ ಎಂದರೆ ಇದೇ, ಇದನ್ನು ಮಕ್ಕಳಿಗೆ ಹೇಳಿಕೊಡುವುದೂ ಬೇಕಿಲ್ಲ. ಇರ್ಮಿಯ ಸರದಿಗೆ ಅವತ್ತೇ ಕೊನೆಯ ದಿನ.

ಅವಳು ಸಾಂಕ್ಟ್ ಲೌರೆಂಟ್ ಒಂದು ಗ್ಲಾಸು, ಕೆಂಪು ಮೆಣಸಿನ ಪುಡಿ ಕಲಸಿದ ಚೀಸು ಹಚ್ಚಿದ ಕರಿ ಬ್ರೆಡ್ಡು ತಂದಿಟ್ಟಳು. ಈರುಳ್ಳಿ ಹಾಕಿರಲಿಲ್ಲ. ಅವನಿಗೆ ಈರುಳ್ಳಿ ಸೇರುವುದಿಲ್ಲ. ತಟ್ಟೆ ಮೇಜಿನ ಮೇಲಿಟ್ಟ ಮೇಲಷ್ಟೇ ಅವಳಿಗೆ ಅದು ಹೊಳೆದದ್ದು. ಅವನಿಗೂ ಹೊಳೆಯಿತು. ತಟ್ಟೆ ನೋಡಿದ, ಅವಳನ್ನು ನೋಡಿದ, ಮತ್ತೆ ತಟ್ಟೆ ನೋಡಿದ.

"ಈರುಳ್ಳಿ ಖಾಲಿಯಾಗಿದೆ," ಎಂದಳು ಇರ್ಮಿ.

ಪಕ್ಕದ ಮೇಜಿನವರ ತಟ್ಟೆಯ ತುಂಬ ಈರುಳ್ಳಿ ಇತ್ತು.

*

ಆಗ ಅವಳಿಗೆ ಇಪ್ಪತ್ತಾರು, ಅವನಿಗೆ ಇಪ್ಪತ್ತೆಂಟು. ಅವನು ವೈನ್ ಮನೆಯ ಎರಡನೆಯ ಮಗ. ತೋಟವೆಲ್ಲ ಅಣ್ಣನಿಗೆ ಎಂದು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿದ್ದರಿಂದ ಬಳ್ಳಿಗಳ ವಿದ್ಯೆ ಓದಲು ಹೋಗಿದ್ದ. ಆ ಸೆಪ್ಟೆಂಬರಿನಲ್ಲಿ ಹಳೆಯ ಬಳ್ಳಿಗಳು ಎಲ್ಲೆಲ್ಲಿ ಉಳಿದಿವೆ ಎಂದು ಬರೆದುಕೊಳ್ಳುತ್ತ ಊರೂರು ಸುತ್ತುತ್ತಿದ್ದ. ಜಲ್ಲಿ ಗುಂಡಿಯ ಕಡೆಗಿನ ಸಾಲುಗಳನ್ನು ತೋರಿಸೆಂದು ಅಪ್ಪ ಮಗಳನ್ನು ಜೊತೆಗೆ ಕಳಿಸಿದ. ಅಪ್ಪಂದಿರು ಇಂಥ ತಪ್ಪು ಮಾಡುತ್ತಲೇ ಇರುತ್ತಾರೆ.

ಸಾಂಕ್ಟ್ ಲೌರೆಂಟ್ ಸಾಲಿನ ತುದಿಯಲ್ಲಿ ಅವನು ಗಕ್ಕನೆ ನಿಂತ. ಎಲೆಯೊಂದನ್ನು ಕಿತ್ತು ಬಿಸಿಲಿಗೆ ಹಿಡಿದ. ತಿರುಗಿಸಿ ಮುರುಗಿಸಿ ನೋಡಿದ.

"ಇದು ಲೌರೆಂಟ್ ಅಲ್ಲ."

"ಅಪ್ಪ ಲೌರೆಂಟ್ ಅಂತಾನೇ ಹೇಳೋದು."

"ನಿಮ್ಮಪ್ಪ ಬಗ್ಗಿ ಎಲೆ ಅಡಿ ನೋಡಿಲ್ಲ. ಮುಟ್ಟಿ ನೋಡು."

ಅವಳು ಮುಟ್ಟಿದಳು. ಎಲೆಯ ಅಡಿ ಹಸುಗೂಸಿನ ತಲೆಯಂತೆ ಮೆತ್ತಗಿತ್ತು. ಎಲೆ ಹಿಡಿದಿದ್ದ ಅವನ ಬೆರಳು ಅಷ್ಟು ಮೆತ್ತಗಿರಲಿಲ್ಲ, ಆದರೂ ಅವಳು ಬೇಗ ಕೈ ತೆಗೆಯಲಿಲ್ಲ.

ಅವನು ಒಂದು ಹಣ್ಣು ಹಿಸುಕಿದ. ಕಪ್ಪು ದ್ರಾಕ್ಷಿಯಾದರೂ ಒಳಗಿನ ರಸ ನೀರಿನಂತಿರುವುದು ರೂಢಿ, ವೈನಿಗೆ ಬಣ್ಣ ಬರುವುದು ಸಿಪ್ಪೆಯಿಂದ. ಇದು ಒಳಗೂ ಕೆಂಪು. ಇರ್ಮಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಮೊದಲು ಹುಳಿ ಚೆರ್ರಿ, ಆಮೇಲೆ ಕಹಿ, ಎಲ್ಲ ಮುಗಿಯಿತು ಎನ್ನುವಾಗ ಸಿಹಿ.

"ಹೇಗಿದೆ?"

"ನಿನ್ನ ಹಾಗೆ. ತಡವಾಗಿ ಸಿಹಿ," ಎಂದು ಅವಳು ಕೆಂಪಾದ ಬೆರಳನ್ನು ಅವನ ಅಂಗಿಯ ತೋಳಿಗೆ ಒರೆಸಿದಳು.

"ಅಯ್ಯೋ, ಕಲೆ ಹೋಗಲ್ಲ ಕಣೇ!"

"ಹೋಗದೇ ಇರ್ಲಿ ಅಂತಾನೇ ಒರೆಸಿದ್ದು."

ಎಣಿಸಿದಾಗ ಅಂಥ ಬಳ್ಳಿಗಳು ಹನ್ನೊಂದು ಸಿಕ್ಕವು. ಹೂ ಬಿಡುವ ಕಾಲಕ್ಕೆ ಸ್ವಲ್ಪ ಚಳಿ ತಾಗಿದರೂ ಹೂವೆಲ್ಲ ಉದುರಿಸಿಕೊಂಡು ಬರಿಗೈಯಲ್ಲಿ ನಿಲ್ಲುವ ಬಳ್ಳಿ. ಹಾಗಾಗಿಯೇ ಎಲ್ಲರೂ ಕಿತ್ತೆಸೆದಿದ್ದರು. ಈ ಹನ್ನೊಂದು ಉಳಿದದ್ದು ರೇಸಿ ಅತ್ತೆಯ ಹಟದಿಂದ. ಅವಳಪ್ಪ ಗುದ್ದಲಿ ಹಿಡಿದು ಬಂದಾಗ ಹದಿನಾರರ ಹುಡುಗಿ ಬಳ್ಳಿಯ ಬುಡದಲ್ಲಿ ಕೂತು, ಮೊದಲು ನನ್ನನ್ನು ಅಗಿ ಎಂದಿದ್ದಳಂತೆ. ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ಆ ಸುಗ್ಗಿಯಲ್ಲಿ ಇರ್ಮಿ ಮತ್ತು ಸೆವೆರಿನ್ ಹನ್ನೊಂದರ ಹಣ್ಣನ್ನು ಬೇರೆಯಾಗಿ ಬಿಡಿಸಿ, ಬೇರೆಯಾಗಿ ಹಿಂಡಿ, ಹೊಟ್ಟೆಯುಬ್ಬಿದ ಗಾಜಿನ ಜಾಡಿಯೊಂದರಲ್ಲಿ ನೆಲಮಾಳಿಗೆಯಲ್ಲಿ ಇಟ್ಟರು. ಜಾಡಿ ನೋಡುವ ನೆಪದಲ್ಲಿ ಅವನು ವಾರಕ್ಕೆ ನಾಲ್ಕು ಸಲ ಬಂದ. ಜಾಡಿಗೆ ಅಷ್ಟು ನೋಡಿಸಿಕೊಳ್ಳುವ ಅಗತ್ಯವೇನೂ ಇರಲಿಲ್ಲ.

ಒಂದು ದಿನ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಹೇಳಿದ: "ಸ್ಟೈರಿಯಾದಲ್ಲಿ ಬಳ್ಳಿ ಸಸಿ ಬೆಳೆಸೋ ಕಡೆ ಕೆಲಸ ಕೊಡ್ತಾರಂತೆ. ದೂರ. ನೀನು ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ..."

"ಬೇಡ ಅಂದ್ರೆ?"

"ಬೇಡ ಅಂತ ಹೇಳಿ ನೋಡು."

"ಮಾರ್ಟಿನ್ ಹಬ್ಬದ ದಿನ ಬಾ. ನಾಲ್ಕು ಗಂಟೆಗೆ. ಜಾಡಿ ತೆಗೆಯೋಣ, ಅವತ್ತು ಹೇಳ್ತೀನಿ."

ನವೆಂಬರ್ ಹನ್ನೊಂದರ ಆ ಹಬ್ಬದವರೆಗೆ ಹೊಸ ವೈನನ್ನು ಕುಡಿಯಬಹುದು, ಆದರೆ ಗ್ಲಾಸಿಗೆ ಗ್ಲಾಸು ತಾಗಿಸಿ ಹರಸುವಂತಿಲ್ಲ. ಅವಳಿಗೆ ಗ್ಲಾಸು ತಾಗಿಸಬೇಕಿತ್ತು. ಉತ್ತರವನ್ನು ಆ ಸದ್ದಿನ ಜೊತೆ ಕೊಡಬೇಕೆಂದು ಅವಳ ಆಸೆ.

ಆ ವರ್ಷ ಹಬ್ಬದ ವಾರ ಅವರದೇ ಮನೆಯ ಸರದಿ. ಕಟ್ಟು ತೂಗುತ್ತಿದ್ದರೆ ಹೆಬ್ಬಾತಿನ ಊಟಕ್ಕೆ ಐವತ್ತು ಜನ ಬರುತ್ತಿದ್ದರು. ಐವತ್ತು ಜನರ ಎದುರು ಏನು ಹೇಳುವುದು? ಅಪ್ಪನನ್ನು ಅಕ್ಕನ ಮನೆಗೆ ಕಳಿಸಿ, ಅತ್ತೆಯನ್ನು ಚರ್ಚಿಗೆ ಕಳಿಸಿ, ಎರಡು ಗಂಟೆಗೆ ತಾನೇ ಏಣಿ ಹತ್ತಿ ಪೈನ್ ಕಟ್ಟನ್ನು ಇಳಿಸಿಬಿಟ್ಟಳು. ಹೆಬ್ಬಾತು ಹುರಿದಳು. ಕೆಂಪು ಎಲೆಕೋಸು ಬೇಯಿಸಿದಳು. ಎರಡು ತಟ್ಟೆ ಇಟ್ಟಳು. ಗೇಟಿಗೆ ಅಗುಳಿ ಹಾಕಲಿಲ್ಲ. ಬೆರಳಿನಿಂದ ತಳ್ಳಿದರೂ ತೆರೆದುಕೊಳ್ಳುವಂತೆ ಸುಮ್ಮನೆ ಮುಂದೆ ಮಾಡಿಟ್ಟಳು.

ನಾಲ್ಕಾಯಿತು. ಐದಾಯಿತು. ಅವನು ಬರಲಿಲ್ಲ.

ವಾರ ಕಳೆದ ಮೇಲೆ, ಅವನು ಸ್ಟೈರಿಯಾಕ್ಕೆ ಹೋದನೆಂದು ಬೇಕರಿಯಲ್ಲಿ ಯಾರೋ ಹೇಳಿದರು. ಇರ್ಮಿ ಒಂದೇ ಒಂದು ಸಲ ಅವನ ಮನೆಗೆ ಫೋನ್ ಮಾಡಿದಳು. ಅವನ ತಾಯಿ ಎತ್ತಿದಳು. ಇರ್ಮಿ ಉಸಿರೆತ್ತದೆ ಫೋನ್ ಇಟ್ಟುಬಿಟ್ಟಳು. ಬಾರದೆ ಇದ್ದವನು ಅವನು, ಹುಡುಕಿಕೊಂಡು ಹೋಗುವವಳು ನಾನ್ಯಾಕೆ ಎಂಬ ಬಿಂಕ. ಆ ಬಿಂಕಕ್ಕೆ ಆಗ ಎಷ್ಟು ಬೆಲೆ ಇತ್ತೋ, ಈಗ ನೆನೆದರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ. ಮುಂದೆ ಒಬ್ಬ ಮೇಷ್ಟರನ್ನು ಮದುವೆಯಾದಳು, ಏಳು ವರ್ಷಕ್ಕೆ ಇಬ್ಬರೂ ಒಪ್ಪಿಕೊಂಡೇ ಬೇರೆಯಾದರು. ಅವನ ಮೇಲೆ ಅವಳಿಗೆ ಈಗಲೂ ದೂರಿಲ್ಲ. ಪಾಪ, ಒಳ್ಳೆಯವನು, ಆದರೆ ಅವನ ಅಂಗಿಗೆ ಬೆರಳು ಒರೆಸಬೇಕೆಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ.

*

ಸೆವೆರಿನ್ ಚೀಲದಿಂದ ಕಾಗದದ ಕಟ್ಟು ತೆಗೆದ.

"ಅವತ್ತು ಆ ಬಳ್ಳಿಯಿಂದ ಎರಡು ಕಡ್ಡಿ ಕತ್ತರಿಸ್ಕೊಂಡು ಹೋಗಿದ್ದೆ. ನೆನಪಿದ್ಯಾ? ಅಲ್ಲಿ ಒಂದು ಮೂಲೇಲಿ ನೆಟ್ಟೆ. ಇಷ್ಟು ವರ್ಷ ಬರೀ ನಂಬರ್ ಹಾಕ್ಕೊಂಡು ಬದುಕಿತ್ತು. ಈಗ ಪರೀಕ್ಷೆ ಮಾಡಿಸ್ದೆ. ಇದು ಯಾವ ಪಟ್ಟಿಯಲ್ಲೂ ಇಲ್ಲ ಇರ್ಮಿ. ಹೊಸ ತಳಿ. ಅಂದ್ರೆ ಹಳೇದು, ಯಾರಿಗೂ ಗೊತ್ತಿಲ್ಲದ್ದು. ತಾಯಿ ಸಾಂಕ್ಟ್ ಲೌರೆಂಟ್."

"ತಂದೆ?" ಎಂದಳು ರೇಸಿ ಅತ್ತೆ.

"ತಂದೆ ಯಾರು ಅಂತ ಗೊತ್ತಾಗ್ಲಿಲ್ಲ ಅತ್ತೆ."

"ನಮ್ಮೂರಿಗೆ ಅದೇನು ಹೊಸದಲ್ಲ ಬಿಡು."

ಅವನು ಜೋರಾಗಿ ನಕ್ಕ. ಆಮೇಲೆ ಕಾಗದ ಬಿಡಿಸಿ ತೋರಿಸಿದ. ತಳಿಯನ್ನು ದಾಖಲು ಮಾಡಬೇಕು. ಮೂಲ ಬಳ್ಳಿಗಳ ಒಡತಿಯ ಸಹಿ ಬೇಕು. ಹೆಸರಿನ ಜಾಗ ಖಾಲಿ ಇತ್ತು.

"ಹೆಸರು ನೀನಿಡು. ನಾನಿಟ್ರೆ ಇರ್ಮಿ ಅಂತ ಇಟ್ಬಿಡ್ತೀನಿ."

"ಇಟ್ಟು ನೋಡು. ಹೂ ಉದುರಿಸೋ ಬಳ್ಳಿಗೆ ನನ್ನ ಹೆಸರು!"

"ಬಳ್ಳಿ ನೋಡ್ಬಹುದಾ?"

ಗಿರಾಕಿಗಳನ್ನು ಅತ್ತೆಯ ಬಾಯಿಗೆ ಒಪ್ಪಿಸಿ ಇಬ್ಬರೂ ತೋಟಕ್ಕೆ ಹೊರಟರು. ಹನ್ನೊಂದರಲ್ಲಿ ಒಂಬತ್ತು ಉಳಿದಿದ್ದವು. ಎಲೆಗಳು ಕೆಂಪಾಗಿ ನಿಂತಿದ್ದವು. ಸೆವೆರಿನ್ ಕಷ್ಟಪಟ್ಟು ಮಂಡಿಯೂರಿ ಬುಡ ಮುಟ್ಟಿದ, ಎಲೆ ಮುಟ್ಟಿದ. ಅವಳು ಅವನ ಬಿಳಿಯ ಕೂದಲನ್ನು ಮೇಲಿನಿಂದ ನೋಡುತ್ತ ನಿಂತಳು. ಅದನ್ನು ಮುಟ್ಟಲು ಕೈ ಒಂದು ಗೇಣು ಮುಂದೆ ಹೋಯಿತು, ಹಿಂದೆ ಬಂತು.

"ಮನೇಲಿ ಎಲ್ಲ ಹೇಗಿದಾರೆ?" ಎಂದಳು.

"ನನ್ನ ಹೆಂಡ್ತಿ ಗೆರ್ಲಿಂಡೆ ಚೆನ್ನಾಗಿದಾಳೆ. ಮಂಡಿ ನೋವು, ಅಷ್ಟೇ. ಮಗಳು ಲಿಯೋನೀ ಈಗ ಸಸಿಗಳನ್ನೆಲ್ಲ ನೋಡ್ಕೊಳ್ತಾಳೆ. ನನಗಿಂತ ಜೋರು." ಅವನು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ಇರ್ಮಿ, ನಿನಗೆ ಒಂದು ಥ್ಯಾಂಕ್ಸ್ ಹೇಳ್ಬೇಕು ಅಂತ ಬಹಳ ವರ್ಷದಿಂದ ಇತ್ತು."

"ನನಗಾ? ಯಾಕೆ?"

"ಮುಖದ ಮೇಲೆ ಹೊಡೆದ ಹಾಗೆ ಹೇಳದೆ, ಮರ್ಯಾದೆಯಿಂದ ಹೇಳಿದ್ದಕ್ಕೆ."

"ಏನನ್ನ ಹೇಳಿದ್ದು?"

"ಆಗಲ್ಲ ಅಂತ. ನಾನು ಮಾರ್ಟಿನ್ ಹಬ್ಬಕ್ಕೆ ಬಂದಿದ್ದೆ. ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಹೊಸ ಅಂಗಿ ಬೇರೆ. ನೋಡಿದ್ರೆ ಕಟ್ಟು ಇಳಿಸಿದೆ. ಸರದಿ ನಡುವೆ ಕಟ್ಟು ಇಳಿಸೋದು ಯಾವಾಗ ಹೇಳು? ಸಾವಾದ್ರೆ. ಸಾವಾಗಿದ್ರೆ ಊರಿಗೆಲ್ಲ ಗೊತ್ತಾಗಿರೋದು. ಆಗ ಅರ್ಥ ಆಯ್ತು, ಇದು ನನಗೇ ಅಂತ. ಎದುರು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಹೋದೆ."

ಗೋಡೆಗೆ ಒರಗಿ ನಿಂತಿದ್ದನಂತೆ! ಆ ಹೊತ್ತಿಗೆ ಅವಳು ಅಡುಗೆಮನೆಯ ಕಿಟಕಿಯಲ್ಲಿ ಗೇಟಿನ ಒಳಮೈಯನ್ನೇ ನೋಡುತ್ತ ಕೂತಿದ್ದಳು. ನಡುವೆ ಇದ್ದದ್ದು ಒಂದು ಹಲಗೆ.

ನಿನಗಾಗಿಯೇ ಇಳಿಸಿದ್ದು ಕಣೋ ಪೆದ್ದ, ನಿನ್ನೊಬ್ಬನಿಗಾಗಿ, ಎಂಬ ಮಾತು ಗಂಟಲಿಗೆ ಬಂತು. ಆದರೆ ಅವನು ನೆಮ್ಮದಿಯಿಂದ ನಿಂತಿದ್ದ. ಹಳೆಯ ನೋವು ಒಣಗಿ, ಅದಕ್ಕೆ ಥ್ಯಾಂಕ್ಸ್ ಹೇಳುವಷ್ಟು ಹಗುರಾಗಿದ್ದ. ಮನೆಯಲ್ಲಿ ಮಂಡಿ ನೋವಿನ ಗೆರ್ಲಿಂಡೆ ಇದ್ದಳು. ಈಗ ಹೇಳಿದರೆ ಅವನು ಬಸ್ಸಿನಲ್ಲಿ, ರೈಲಿನಲ್ಲಿ, ಉಳಿದ ಆಯುಸ್ಸಿನಲ್ಲೆಲ್ಲ ಅದನ್ನು ಹೊತ್ತುಕೊಂಡು ತಿರುಗಬೇಕು. ಒಬ್ಬಳು ಹೊತ್ತದ್ದು ಸಾಲದೆ?

"ಚಳಿ ಶುರುವಾಯ್ತು. ನಡಿ," ಎಂದಳು.

ಅವನು ಇನ್ನೇನಕ್ಕೋ ಕಾಯುತ್ತಿದ್ದವನಂತೆ ಅವಳ ಮುಖ ನೋಡಿದ. ಅವಳು ಮುಂದೆ ನಡೆದಳು. ಅವನಿಗೆ ಮುಖ ಕಾಣಬಾರದೆಂದು ಸ್ವಲ್ಪ ಬೇಗಬೇಗ ನಡೆದಳು.

*

ಐದೂ ಹತ್ತರ ಬಸ್ಸಿಗೆಂದು ಸೆವೆರಿನ್ ಹೊರಟ. ಸಹಿ ಮಾಡಿದ ಕಾಗದ ಚೀಲಕ್ಕೆ ಹೋಯಿತು, ಹೆಸರನ್ನು ಬರೆದು ತಿಳಿಸುವುದೆಂದಾಯಿತು. ಗಿರಾಕಿಗಳೂ ಒಬ್ಬೊಬ್ಬರಾಗಿ ಎದ್ದರು. ಇರ್ಮಿ ಏಣಿ ಹಾಕಿ ಪೈನ್ ಕಟ್ಟನ್ನು ಇಳಿಸಿ ಮೂಲೆಗಿಟ್ಟಳು, ಗೇಟು ಮುಚ್ಚಿ ಅಗುಳಿ ಹಾಕಿದಳು.

"ಹೇಳಿದ್ಯಾ?" ಎಂದಳು ಅತ್ತೆ.

"ಏನನ್ನ?"

"ಅವನು ಬಂದಿದ್ನಂತಲ್ಲ ಅವತ್ತು. ನೀನು ಒಳಗೆ ಹೋಗಿದ್ದಾಗ ನನ್ನ ಹತ್ರಾನೂ ಅಂದ. ಅವನು ಗೋಡೆಗೆ ಒರಗಿ ನಿಂತಿದ್ದ, ನೀನು ಒಳಗೆ ಕೂತಿದ್ದೆ, ನಾನು ಮೂರು ದಿನ ತಣ್ಣಗಿನ ಹೆಬ್ಬಾತು ತಿಂದೆ. ಮೂರೂ ಜನಕ್ಕೆ ಬುದ್ಧಿ ಇರ್ಲಿಲ್ಲ."

"ಬೇಡ ಅತ್ತೆ. ಅವನು ಸುಖವಾಗಿದಾನೆ."

ಅತ್ತೆ ಕೋಲೂರಿ ಎದ್ದಳು. ಒಡೆದ ಅಕ್ರೋಟನ್ನೆಲ್ಲ ಕಾಗದದ ಚೀಲಕ್ಕೆ ಸುರಿದಳು. "ಇದನ್ನ ಕೊಡೋದು ಮರೆತೆ. ಸ್ಟಾಪಿನ ತನಕ ಹೋಗ್ಬರ್ತೀನಿ."

"ಅತ್ತೆ!"

"ಅಕ್ರೋಟು ಕೊಡೋಕ್ಕೂ ನಿನ್ನ ಅಪ್ಪಣೆ ಬೇಕೇನೇ?" ಎಂದು ತಾನೇ ಅಗುಳಿ ತೆಗೆದು ಹೊರಟೇಹೋದಳು.

ಇರ್ಮಿ ಮತ್ತೆ ಅಗುಳಿ ಹಾಕಿ ಗ್ಲಾಸು ತೊಳೆಯಲು ನಿಂತಳು. ತೊಳೆದ ಗ್ಲಾಸನ್ನೇ ಮತ್ತೆ ತೊಳೆದಳು. ಚರ್ಚಿನ ಕಡೆ ಬಸ್ಸಿನ ಸದ್ದು ಕೇಳಿಸಿತು. ನಿಂತಿತು. ಹೊರಟಿತು. ಸರಿ, ಮುಗಿಯಿತು ಎಂದು ಅವಳು ನಲ್ಲಿ ನಿಲ್ಲಿಸಿದಳು.

ಆಗ ಗೇಟು ತಟ್ಟಿದ ಸದ್ದಾಯಿತು.

ಕಟ್ಟು ಇಳಿಸಿದ ಮನೆಯ ಬಾಗಿಲು. ಅವಳ ಐವತ್ತಾರು ವರ್ಷದಲ್ಲಿ ಆ ಬಾಗಿಲನ್ನು ಹಾಗೆ ಯಾರೂ ತಟ್ಟಿರಲಿಲ್ಲ. ಮತ್ತೆ ತಟ್ಟಿದ ಸದ್ದು, ಈ ಸಲ ಜೋರಾಗಿ. ಅವಳು ಒದ್ದೆ ಕೈಯಲ್ಲೇ ಹೋಗಿ ಅಗುಳಿ ತೆಗೆದಳು.

ಸೆವೆರಿನ್ ಅಕ್ರೋಟಿನ ಚೀಲ ಎದೆಗವಚಿಕೊಂಡು ನಿಂತಿದ್ದ. ಎಡಗಣ್ಣೂ ನಗುತ್ತಿರಲಿಲ್ಲ, ಬಲಗಣ್ಣೂ ನಗುತ್ತಿರಲಿಲ್ಲ.

"ಮುಚ್ಚಿದೆ," ಎಂದಳು ಇರ್ಮಿ.

"ಗೊತ್ತು. ಕಟ್ಟು ಇಲ್ದೇ ಇರೋದು ನೋಡೇ ತಟ್ಟಿದ್ದು."

"ಬಸ್ಸು ಹೋಯ್ತಲ್ಲೋ."

"ಇನ್ನೊಂದು ಆರೂ ಹತ್ತಕ್ಕಿದೆ. ನಿಮ್ಮತ್ತೆ ಸ್ಟಾಪಲ್ಲೇ ಕೂತಿದಾರೆ. ಆ ಬಸ್ಸು ಹೋಗೋ ತನಕ ಮನೆಗೆ ಬರಲ್ಲಂತೆ."

ಅವನು ಒಳಗೆ ಬಂದ. ಎರಡು ತಟ್ಟೆ ಇಟ್ಟಿದ್ದ ಅದೇ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು. ಅವಳು ಮಾಳಿಗೆಗೆ ಇಳಿದು, ಆ ವರ್ಷದ ಜಾಡಿಯಿಂದ ತುಂಬಿಸಿಟ್ಟಿದ್ದ ಕೊನೆಯ ಬಾಟಲಿ ತಂದಳು. ಬಿರಡೆ ಪುಡಿಪುಡಿಯಾಗಿ ಬಂತು. ಗ್ಲಾಸಿಗೆ ಬಿದ್ದದ್ದು ಕಂದು ನೀರು. ಅವನು ಮೂಸಿದ, ಒಂದು ಗುಟುಕು ಕುಡಿದ.

"ಹೇಗಿದೆ?"

"ವಿನೆಗರ್."

"ಉಗಿದ್ಬಿಡು."

"ಇಲ್ಲ," ಎಂದು ಅವನು ಇನ್ನೊಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂತೋ ಬೇರೆ ಯಾತಕ್ಕೆ ಬಂತೋ, ಅವಳು ಕೇಳಲಿಲ್ಲ. ಅವಳ ಕಣ್ಣಲ್ಲೂ ಇತ್ತು, ಅವಳಂತೂ ಕುಡಿದೇ ಇರಲಿಲ್ಲ.

ಅವಳು ಮತ್ತೆ ಇಳಿದು ಈ ವರ್ಷದ್ದನ್ನು ತಂದಳು. ಒಂಬತ್ತು ಬಳ್ಳಿಯ ಹೊಸ ವೈನ್, ಇನ್ನೂ ಕದಡಿಕೊಂಡಿದ್ದದ್ದು, ಗ್ಲಾಸಿನ ಅಂಚಿಗೆಲ್ಲ ಬಣ್ಣ ಹಚ್ಚುವಷ್ಟು ಕೆಂಪು. ಮೊದಲು ಹುಳಿ, ಆಮೇಲೆ ಕಹಿ. ಸಿಹಿಗೆ ಇಬ್ಬರೂ ಕಾದರು. ಬಂತು.

ಅವನು ಗ್ಲಾಸು ಎತ್ತಿ ಅವಳ ಗ್ಲಾಸಿನತ್ತ ತಂದ. ಎರಡು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿದ.

"ಮಾರ್ಟಿನ್ ಹಬ್ಬ ಆಗಿಲ್ಲ," ಎಂದ.

"ಇನ್ನೂ ಹದಿನೈದು ದಿನ ಇದೆ."

ಅವತ್ತು ಅವನು ಇಲ್ಲಿರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗ್ಲಾಸು ತಾಗಿಸದೆಯೇ ಕುಡಿದರು.

"ಏನ್ ಹೇಳೋಳಿದ್ದೆ ಅವತ್ತು?" ಅವನು ಮೇಜಿನ ಹಲಗೆ ನೋಡುತ್ತ ಕೇಳಿದ.

"ಹೋಗ್ಬೇಡ ಅಂತ."

ಅವನು ಕೈ ಚಾಚಿ ಅವಳ ಬೆರಳು ಹಿಡಿದ. ವೈನ್ ತಾಗಿ ಕೆಂಪಾಗಿದ್ದ ತುದಿಬೆರಳನ್ನು ತನ್ನ ಅಂಗಿಯ ತೋಳಿಗೆ ನಿಧಾನವಾಗಿ ಒರೆಸಿಕೊಂಡ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಕಲೆ ಹೋಗಲ್ಲ. ಮನೇಲಿ ಏನ್ ಹೇಳ್ತೀಯಾ?"

"ಹೊಸ ತಳಿ ಸಿಕ್ತು ಅಂತ." ಬೆರಳು ಬಿಡದೆ ಕೇಳಿದ, "ಇರ್ಮಿ, ಅವತ್ತು ನಾನು ತಟ್ಟಿದ್ರೆ ತೆಗೀತಿದ್ಯಾ?"

ಅವಳು ಅವನ ಮುಖ ನೋಡಿದಳು. ಅತ್ತೆ ಹೆಬ್ಬಾತಿನ ವಿಷಯ ಹೇಳಿದ್ದಳು, ಕಟ್ಟಿನ ವಿಷಯ ಹೇಳಿದ್ದಳು. ಉಳಿದ ಒಂದು ಸಂಗತಿ ಅತ್ತೆಗೂ ಗೊತ್ತಿರಲಿಲ್ಲ.

"ತೆಗೀತಿದ್ದೆ," ಎಂದಳು. ಅಷ್ಟೇ ಹೇಳಿದಳು.

ಆರು ಗಂಟೆಗೆ ಅವನು ಎದ್ದ. ಗೇಟಿನ ಹತ್ತಿರ ನಿಂತು, "ಹೆಸರು?" ಎಂದ.

"ರೇಸಿ ಅಂತ ಬರಿ. ಉಳಿಸಿದ್ದು ಅವಳು ತಾನೆ."

"ಇನ್ನು ಅವರನ್ನ ಹಿಡಿಯೋಕೆ ಆಗಲ್ಲ."

"ಅದು ನನ್ನ ಪಾಡು. ನೀನು ಹೋಗು, ಈ ಬಸ್ಸೂ ತಪ್ಪುತ್ತೆ."

ಅವನು ಅವಳ ಹಣೆಗೆ ತುಟಿ ತಾಗಿಸಿ ಹೋದ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಈ ಸಲವಾದರೂ ತಡೆಯುತ್ತಿದ್ದಳೋ ಏನೋ. ಅವಳು ಗೇಟನ್ನು ಮುಂದೆ ಮಾಡಿ, ಅಗುಳಿ ಹಾಕದೆ, ಒಳಗೆ ಬಂದು ಕೂತಳು.

ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಅತ್ತೆಯ ಕೋಲಿನ ಸದ್ದು ಕೇಳಿಸಿತು. ಅತ್ತೆ ತಟ್ಟಲೆಂದು ಕೋಲೆತ್ತಿದಳೋ ಏನೋ, ಅದು ತಾಗಿದ್ದೇ ತಡ ಗೇಟು ತಾನಾಗಿ ತೆರೆದುಕೊಂಡಿತು.

"ಇದೇನೇ ಇರ್ಮಿ! ಕಟ್ಟು ಇಳಿಸಿದೀಯ, ಅಗುಳಿ ಹಾಕಿಲ್ಲ?"

ಇರ್ಮಿ ಎರಡೂ ಗ್ಲಾಸುಗಳನ್ನು ಹತ್ತಿರ ಎಳೆದುಕೊಂಡಳು.

"ಅವತ್ತೂ ಹಾಕಿರ್ಲಿಲ್ಲ ಅತ್ತೆ."